ಮೂವತ್ತಾರಕ್ಕೆ ಸೊಂಟದ ಕೀಲು: ಮುಂದೂಡುವುದು ಎಲ್ಲಿಯವರೆಗೆ?

ಸೊಂಟದ ಕೀಲು ಹಾಳಾದ ಎಪ್ಪತ್ತರ ಹಿರಿಯರಿಗೆ ವೈದ್ಯರ ಸಲಹೆ ಸಾಮಾನ್ಯವಾಗಿ ನೇರವಾಗಿರುತ್ತದೆ: ನೋವು ತಡೆಯಲಾಗದಿದ್ದರೆ ಬದಲಿಸಿಕೊಳ್ಳಿ. ಅದೇ ಕೀಲು ಮೂವತ್ತಾರನೆಯ ವಯಸ್ಸಿನಲ್ಲಿ ಹಾಳಾದರೆ ಸಿಗುವ ಉತ್ತರ, "ಎಷ್ಟು ಸಾಧ್ಯವೋ ಅಷ್ಟು ಮುಂದೂಡಿ" ಎಂಬುದು. ಈ ಮಾತನ್ನು ನಾನು ಒಬ್ಬರಿಗಿಂತ ಹೆಚ್ಚು ವೈದ್ಯರಿಂದ ಕೇಳಿದ್ದೇನೆ. ಯಾವ ಲಕ್ಷಣ ಕಂಡಾಗ ಮುಂದೂಡುವುದನ್ನು ನಿಲ್ಲಿಸಬೇಕು, ಕಾಯುವುದರಿಂದ ಏನು ಕಳೆದುಹೋಗುತ್ತದೆ ಎಂಬುದನ್ನು ಮಾತ್ರ ನಾನಾಗಿಯೇ ಕೇಳಿ ತಿಳಿಯಬೇಕಾಯಿತು. ಬಲ ಸೊಂಟದ ಕೀಲು ಬದಲಾವಣೆಗೆ ಈಗ ಒಪ್ಪಿಗೆ ಕೊಟ್ಟಿದ್ದೇನೆ. ಇದೇ ವಯಸ್ಸಿನಲ್ಲಿ ಇದೇ ಪ್ರಶ್ನೆಯ ಮುಂದೆ ನಿಂತವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನಗಿರುವುದು ಎವಿಎನ್, ಅಂದರೆ ತೊಡೆಮೂಳೆಯ ತಲೆಗೆ ಹೋಗುವ ರಕ್ತ ನಿಂತು ಅಲ್ಲಿನ ಮೂಳೆ ಸಾಯುವ ಕಾಯಿಲೆ. ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡ ಸ್ಟೀರಾಯ್ಡ್, ಮದ್ಯಪಾನ, ತೊಡೆಮೂಳೆಯ ಕತ್ತಿನ ಮುರಿತ ಮತ್ತು ಸಿಕಲ್ ಸೆಲ್ ರೋಗ ಇದರ ಪರಿಚಿತ ಕಾರಣಗಳು. ನನ್ನ ವಿಷಯದಲ್ಲಿ, ಕಿಡ್ನಿಯ ಕಾಯಿಲೆಗಾಗಿ ದೀರ್ಘಕಾಲ ನುಂಗಿದ ಸ್ಟೀರಾಯ್ಡ್ ಕಾರಣ. ಆ ಮಾತ್ರೆ ನನ್ನ ಕಿಡ್ನಿಯನ್ನು ಉಳಿಸಿತು, ಆದ್ದರಿಂದ ಅದರ ಮೇಲೆ ನನಗೆ ದೂರಿಲ್ಲ. ಕೋವಿಡ್ ಕಾಲದಲ್ಲಿ ಸ್ಟೀರಾಯ್ಡ್ ಪಡೆದವರಲ್ಲಿಯೂ ಕೆಲವರಿಗೆ ಆಮೇಲೆ ಇದೇ ತೊಂದರೆ ಕಾಣಿಸಿಕೊಂಡಿದ್ದನ್ನು ನಮ್ಮ ದೇಶದ ಮೂಳೆ ತಜ್ಞರು ವರದಿ ಮಾಡಿದ್ದಾರೆ.

ಇದರ ಆರಂಭ ಮೋಸದ್ದು. ನೋವು ತೊಡೆಸಂದಿನಲ್ಲಿ ಶುರುವಾಗಬಹುದು, ಇಲ್ಲವೇ ಮಂಡಿಯಲ್ಲಿ ಮಾತ್ರ ಕಾಣಿಸಿಕೊಳ್ಳಬಹುದು. ಮಂಡಿಗೆ ಮುಲಾಮು ಹಚ್ಚುತ್ತಾ ತಿಂಗಳುಗಳು ಕಳೆಯುವುದುಂಟು. ಮೊದಲ ಹಂತದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ಎಂಆರ್‌ಐ ಮಾತ್ರ ಅದನ್ನು ಹಿಡಿಯುತ್ತದೆ. ಮೂಳೆಯ ತಲೆ ಕುಸಿಯುವ ಮುನ್ನವೇ ಗೊತ್ತಾದರೆ ಸತ್ತ ಭಾಗಕ್ಕೆ ರಂಧ್ರ ಕೊರೆದು ಒತ್ತಡ ತಗ್ಗಿಸುವ ಕೋರ್ ಡಿಕಂಪ್ರೆಷನ್ ಎಂಬ ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಸ್ವಂತ ಕೀಲನ್ನು ಉಳಿಸಿಕೊಳ್ಳುವ ಅವಕಾಶವಿರುತ್ತದೆ. ಕುಸಿದ ಮೇಲೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಹಿಂದೆ ಸ್ಟೀರಾಯ್ಡ್ ತೆಗೆದುಕೊಂಡವರಿಗೆ ತೊಡೆಸಂದಿನ ನೋವು ವಾರಗಟ್ಟಲೆ ಉಳಿದರೆ, ಎಂಆರ್‌ಐ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು. ನನ್ನ ಬಲಗಡೆ ಪತ್ತೆಯಾಗುವಷ್ಟರಲ್ಲಿ ಕುಸಿದಿತ್ತು, ಎಡಗಡೆ ಇನ್ನೂ ಗುಂಡಗಿದೆ.

"ಮುಂದೂಡಿ" ಎಂಬ ಸಲಹೆಗೆ ಗಟ್ಟಿಯಾದ ಹಿನ್ನೆಲೆಯಿದೆ, ಅದನ್ನು ಹಗುರವಾಗಿ ಕಾಣಬಾರದು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ 1962ರಲ್ಲಿ ಲೋಹದ ಗುಂಡು ಮತ್ತು ಪಾಲಿಎಥಿಲೀನ್ ಬಟ್ಟಲಿನ ಜೋಡಣೆಯನ್ನು ಬಳಕೆಗೆ ತಂದ ಮೇಲೆ ಈ ಶಸ್ತ್ರಚಿಕಿತ್ಸೆ ಜಗತ್ತಿನಾದ್ಯಂತ ಹರಡಿತು. ಆದರೆ ಆ ಪ್ಲಾಸ್ಟಿಕ್ ವರ್ಷಗಳುದ್ದಕ್ಕೂ ಸವೆದು ಉದುರಿಸುವ ಸೂಕ್ಷ್ಮ ಕಣಗಳಿಗೆ ದೇಹ ಪ್ರತಿಕ್ರಿಯಿಸಿ ಸುತ್ತಲಿನ ಮೂಳೆಯನ್ನೇ ಕರಗಿಸುತ್ತಿತ್ತು, ಕೀಲು ಸಡಿಲವಾಗುತ್ತಿತ್ತು. ಹೆಚ್ಚು ಓಡಾಡುವ, ಹೆಚ್ಚು ವರ್ಷ ಬದುಕಲಿರುವ ಕಿರಿಯರಲ್ಲಿ ಈ ತೊಂದರೆ ಹೆಚ್ಚು. ಎರಡನೆಯ ಸಲದ ಶಸ್ತ್ರಚಿಕಿತ್ಸೆ, ಅಂದರೆ ರಿವಿಜನ್, ಮೊದಲಿನದಕ್ಕಿಂತ ಕಷ್ಟದ್ದು: ಮೂಳೆ ಕಡಿಮೆ ಉಳಿದಿರುತ್ತದೆ, ಸೋಂಕಿನ ಅಪಾಯ ಹೆಚ್ಚಿರುತ್ತದೆ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನವೊಂದರ ಪ್ರಕಾರ, ಎಪ್ಪತ್ತು ದಾಟಿ ಕೀಲು ಬದಲಿಸಿಕೊಂಡವರಲ್ಲಿ ಜೀವಮಾನದಲ್ಲಿ ರಿವಿಜನ್ ಬೇಕಾಗುವ ಸಂಭವ ಶೇ. 5ರ ಆಸುಪಾಸಿನಲ್ಲಿದ್ದರೆ, ಐವತ್ತರ ಆರಂಭದಲ್ಲಿ ಮಂಡಿ ಬದಲಿಸಿಕೊಂಡ ಗಂಡಸರಲ್ಲಿ ಅದು ಸುಮಾರು ಶೇ. 35. ನನ್ನ ವಯಸ್ಸಿನವರು ಒಂದು ರಿವಿಜನ್ ಬಂದೇ ಬರುತ್ತದೆಂದು ಲೆಕ್ಕ ಹಾಕಿಯೇ ಹೊರಡುವುದು ಒಳ್ಳೆಯದು.

ಇದೇ ಲೆಕ್ಕದ ಇನ್ನೊಂದು ಭಾಗವೂ ಇದೆ. 2019ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಸೊಂಟದ ಕೃತಕ ಕೀಲುಗಳಲ್ಲಿ ಸುಮಾರು ಶೇ. 58ರಷ್ಟು 25 ವರ್ಷ ಬಾಳಿವೆ. ಇಪ್ಪತ್ತೈದು ವರ್ಷದ ಫಲಿತಾಂಶ ಕೈಗೆ ಸಿಗಬೇಕಾದರೆ ಆ ಕೀಲುಗಳನ್ನು 1990ರ ದಶಕದಲ್ಲಿ, ಇಲ್ಲವೇ ಅದಕ್ಕೂ ಮುಂಚೆ, ಕೂರಿಸಿರಬೇಕು. ಸವೆತವನ್ನು ಬಹಳ ತಗ್ಗಿಸಿದ ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್ ಬಳಕೆಗೆ ಬಂದಿದ್ದು ಆ ದಶಕದ ಕೊನೆಯಲ್ಲಿ. ಹೀಗಾಗಿ ಇಂದು ಸೆರಾಮಿಕ್ ಗುಂಡು ಮತ್ತು ಆ ಹೊಸ ಪ್ಲಾಸ್ಟಿಕ್ಕಿನ ಬಟ್ಟಲು ಹಾಕಿಸಿಕೊಳ್ಳುವವರನ್ನು ಹಳೆಯ ಅಂಕಿಗಳಿಂದ ಮಾತ್ರ ಹೆದರಿಸುವುದು ಸರಿಯಲ್ಲವೆಂದು ನನಗನ್ನಿಸುತ್ತದೆ.

ಕಾಯುವುದಕ್ಕೆ ತೆರಬೇಕಾದ ಬೆಲೆಯ ಬಗ್ಗೆ ಮಾತು ಕಡಿಮೆ. ಕುಸಿದ ಗುಂಡು ಎದುರಿನ ಬಟ್ಟಲನ್ನೂ ಕೆಡಿಸುತ್ತದೆ. ನೋವಿನ ಕಾಲಿಗೆ ಭಾರ ಕೊಡದೆ ನಡೆದು ತೊಡೆಯ ಮತ್ತು ಪಿರ್ರೆಯ ಸ್ನಾಯುಗಳು ಸೊರಗುತ್ತವೆ, ಕೀಲು ಬಾಗಿದ ಸ್ಥಿತಿಯಲ್ಲಿಯೇ ಬಿಗಿದುಕೊಳ್ಳುತ್ತದೆ, ಕಾಲು ಗಿಡ್ಡವಾಗುತ್ತದೆ, ಕುಂಟುವುದರ ಭಾರವನ್ನು ಬೆನ್ನು ಮತ್ತು ಇನ್ನೊಂದು ಕಾಲು ಹೊರುತ್ತವೆ. ಬಹಳ ಸೊರಗಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಆಮೇಲೆಯೂ ಇತರರಷ್ಟು ಚೇತರಿಸಿಕೊಳ್ಳುವುದಿಲ್ಲ. ನನಗೆ ಇನ್ನೊಂದು ತೊಡಕಿತ್ತು: ಕಿಡ್ನಿಯ ಕಾಯಿಲೆಯವರು ಸಾಮಾನ್ಯ ನೋವಿನ ಮಾತ್ರೆಗಳನ್ನು ನುಂಗುವಂತಿಲ್ಲ, ಪ್ಯಾರಸಿಟಮಾಲ್ ಸಾಲುತ್ತಿರಲಿಲ್ಲ. ಮಾತ್ರೆಯ ಬಲದಿಂದ ಐದಾರು ವರ್ಷ ದೂಡುವ ದಾರಿ ನನಗೆ ಇರಲೇ ಇಲ್ಲ. ಕೊನೆಗೆ ನನ್ನ ಮನಸ್ಸನ್ನು ಗಟ್ಟಿ ಮಾಡಿದ್ದು ಬೇರೆ. ತರಗತಿಯಲ್ಲಿ ನಿಂತು ಪಾಠ ಮಾಡುವ, ಮಗಳನ್ನು ಶಾಲೆಗೆ ಬಿಡುವ, ದುಡಿಯುವ ವರ್ಷಗಳು ಇವೇ. ಅರುವತ್ತರಲ್ಲಿ ಬರಬಹುದಾದ ರಿವಿಜನ್ನಿಗೆ ಹೆದರಿ ಈ ವರ್ಷಗಳನ್ನು ಮಂಚದ ಅಂಚಿನಲ್ಲಿ ಕಳೆಯಲು ನನಗೆ ಇಷ್ಟವಾಗಲಿಲ್ಲ.

ಮನೆಯವರನ್ನು ಒಪ್ಪಿಸುವುದು ಸುಲಭವಿರಲಿಲ್ಲ. "ಈ ವಯಸ್ಸಿಗೆ ಸೊಂಟ ಕೊಯ್ಯಿಸಿಕೊಳ್ಳುತ್ತೀಯಾ, ಮಗಾ? ಎಣ್ಣೆ ಹಚ್ಚಿ ನೋಡೋಣ" ಎಂದು ದೊಡ್ಡಮ್ಮ ಮತ್ತೆ ಮತ್ತೆ ಹೇಳಿದರು. ನಮ್ಮದು ಸಾಗರ ತಾಲ್ಲೂಕು. 1970ರ ದಶಕದಲ್ಲಿ ಹಂದಿಗೋಡು ಕಾಯಿಲೆ ಬೆಳಕಿಗೆ ಬಂದಿದ್ದು ಇಲ್ಲಿಯೇ. ಅದು ವಂಶಪಾರಂಪರ್ಯವಾಗಿ ಬರುವ ಬೇರೆ ಕಾಯಿಲೆ, ಆದರೆ ಅದರಲ್ಲಿಯೂ ಸೊಂಟದ ಕೀಲುಗಳು ಚಿಕ್ಕ ವಯಸ್ಸಿನಲ್ಲೇ ಕೆಡುತ್ತವೆ. ಅಂಥ ಸಂಕಟವನ್ನು ಇಷ್ಟು ಹತ್ತಿರದಿಂದ ಕಂಡ ನಾಡಿನಲ್ಲಿಯೂ ಕೀಲು ಕೆಡುವುದು ಮುಪ್ಪಿಗೆ ಸೇರಿದ ಸಂಗತಿಯೆಂಬ ನಂಬಿಕೆ ಗಟ್ಟಿಯಾಗಿ ಕೂತಿದೆ.

ಬಿಡಬೇಕಾದವುಗಳ ಬಗ್ಗೆಯೂ ಮೊದಲೇ ವಿಚಾರಿಸಿದೆ. ಕುಕ್ಕರಗಾಲಿನಲ್ಲಿ ಕೂರುವುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವುದು, ಓಡುವುದು, ಭಾರ ಹೊತ್ತು ತೋಟದ ಇಳಿಜಾರು ಇಳಿಯುವುದು ಇವುಗಳಲ್ಲಿ ಎಷ್ಟಕ್ಕೆ ಅವಕಾಶವಿದೆ ಎಂಬುದು ಶಸ್ತ್ರಚಿಕಿತ್ಸೆಯ ವಿಧಾನದ ಮೇಲೂ ವೈದ್ಯರ ಅಭಿಪ್ರಾಯದ ಮೇಲೂ ನಿಂತಿದೆ. ಮೊದಲ ಕೆಲವು ವಾರ ಸೊಂಟವನ್ನು ತೊಂಬತ್ತು ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದೆಂದು ನನಗೆ ಹೇಳಿದ್ದಾರೆ. ಮನೆಯಲ್ಲಿ ಕಮೋಡ್ ಹಾಕಿಸಿದ್ದೇವೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕಿರಿಯರಿಗೆ ಹೆಚ್ಚು ಬಾಳಿಕೆ ಬರುತ್ತದೆಂಬ ಭರವಸೆಯಿಂದ ಲೋಹಕ್ಕೆ ಲೋಹ ತಾಗುವ ಕೀಲುಗಳನ್ನು ಒಂದು ಕಾಲದಲ್ಲಿ ಬಳಸುತ್ತಿದ್ದರು. ಅಂಥವುಗಳಲ್ಲಿ ಒಂದಾದ ಡಿಪ್ಯೂ ಕಂಪನಿಯ ಎಎಸ್‌ಆರ್ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು. ಭಾರತದಲ್ಲಿಯೂ ಅದನ್ನು ಹಾಕಿಸಿಕೊಂಡವರು ಅನೇಕರಿದ್ದರು. ಆದ್ದರಿಂದ ತೀರಾ ಹೊಸದೆಂದು ಹೊಗಳಿಸಿಕೊಳ್ಳುವ ಇಂಪ್ಲಾಂಟ್‌ಗಿಂತ ಹತ್ತು ಹದಿನೈದು ವರ್ಷಗಳ ದಾಖಲೆಯಿರುವುದನ್ನೇ ಕೊಡಿ ಎಂದು ನನ್ನ ವೈದ್ಯರನ್ನು ಕೇಳಿಕೊಂಡಿದ್ದೇನೆ. ಕೀಲಿನ ಪೆಟ್ಟಿಗೆಯ ಮೇಲಿರುವ, ಕಂಪನಿಯ ಹೆಸರು ಮತ್ತು ಲಾಟ್ ಸಂಖ್ಯೆಯ ಸ್ಟಿಕರನ್ನು ಡಿಸ್ಚಾರ್ಜ್ ಪತ್ರಕ್ಕೆ ಅಂಟಿಸಿ ಕೊಡಬೇಕೆಂದೂ ಹೇಳಿದ್ದೇನೆ. ಎಡಗಡೆಯ ಕೀಲಿಗೆ ಕೋರ್ ಡಿಕಂಪ್ರೆಷನ್ ಮಾಡಿಸುವ ವಿಚಾರ ಬಲಗಡೆ ಚೇತರಿಸಿಕೊಳ್ಳುವವರೆಗೂ ಕಾಯಬಹುದೇ ಎಂಬುದು ಮುಂದಿನ ಎಂಆರ್‌ಐ ನೋಡಿದ ಮೇಲೆ ತೀರ್ಮಾನವಾಗಲಿದೆ.