ಮೇಡಂ ಬರೆಸಿದ ಕಾರ್ಡುಗಳು

ನಮ್ಮ ನ್ಯೂರಾಲಜಿ ಮೇಡಂ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾಗಿದ್ದು ಅವರ ಬಿಸಿನೀರಿನ ಪ್ರಶ್ನೆ.

ನಾನು ಪಿ.ಜಿ. ಸೇರಿದ ಮೊದಲ ವಾರ. ಒಬ್ಬ ಹೆಣ್ಣುಮಗಳು ಬಲಗಾಲು ಎಳೆಯುತ್ತಾ ಓಪಿಡಿಗೆ ಬಂದಿದ್ದಳು. ಆಗಲೇ ನಾಲ್ಕು ಕಡೆ ತೋರಿಸಿ ಆಗಿತ್ತು. ತೊಂದರೆ ಬರೋದು, ಕೆಲವು ವಾರದಲ್ಲಿ ತಾನಾಗೇ ಹೋಗೋದು. ಮನೆಯವರು ಇವಳದ್ದು ನಾಟಕ ಅಂತಲೇ ತೀರ್ಮಾನ ಮಾಡಿದ್ದರು. ಮೇಡಂ ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದರು: "ಎಣ್ಣೆ ಹಚ್ಚಿ ಸುಡುಸುಡು ನೀರು ಹುಯ್ಕೊಂಡಾಗ ಕಣ್ಣು ಮಂಜಾಗುತ್ತೇನಮ್ಮಾ?"

"ಹೌದು ಮೇಡಂ. ದೀಪಾವಳಿಗೆ ಆಗಿತ್ತು. ಯಾರಿಗೂ ಹೇಳಿಲ್ಲ."

"ಕತ್ತು ಬಗ್ಗಿಸಿದ್ರೆ ಬೆನ್ನಲ್ಲಿ ಕರೆಂಟ್ ಹೊಡೆದ ಹಾಗೆ?"

ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಅಳೋಕೆ ಶುರು ಮಾಡಿದಳು.

ಮೇಡಂ ಅನುಮಾನಪಟ್ಟಿದ್ದು ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.). ಈ ಕಾಯಿಲೆಯಲ್ಲಿ ನರದ ಮೇಲಿನ ಮೈಲಿನ್ ಹೊದಿಕೆ ಹಾಳಾಗುತ್ತದೆ, ವೈರಿನ ಪ್ಲಾಸ್ಟಿಕ್ ಸುಲಿದ ಹಾಗೆ. ಮೈ ಬಿಸಿಯಾದರೆ ಅಂಥ ನರ ಇನ್ನೂ ಸೋಲುತ್ತದೆ. ಮೈ ದಣಿದಾಗ ಕಣ್ಣು ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲೇ ಬರೆದಿದ್ದರು. ನಾವು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಮೇಡಂ ಅದನ್ನು ನಮ್ಮ ಬಚ್ಚಲುಮನೆಗೆ ತಂದಿದ್ದರು.

ಇನ್ನೊಂದು ನೆನಪು ಕಾರ್ಡುಗಳದ್ದು. 2004ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತವರ ತಂಡ ನ್ಯೂರೋಮೈಲೈಟಿಸ್ ಆಪ್ಟಿಕಾ ಇರುವವರ ರಕ್ತದಲ್ಲಿ ಒಂದು ಆಂಟಿಬಾಡಿ ಗುರುತಿಸಿತು. ಕಣ್ಣಿನ ನರಕ್ಕೂ ಬೆನ್ನುಹುರಿಗೂ ಹೊಡೆಯುವ ಈ ಕಾಯಿಲೆಯನ್ನು ಅದಕ್ಕೆ ಮುಂಚೆ ಎಂ.ಎಸ್. ಲೆಕ್ಕಕ್ಕೇ ಸೇರಿಸಿಬಿಡುತ್ತಿದ್ದದ್ದು ಉಂಟು. ಆಮೇಲೆ ತಿಳಿಯಿತು, ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್ ಔಷಧಿಯಿಂದ ಇವರ ಕಾಯಿಲೆ ಕೆರಳಬಹುದು ಅಂತ.

ಆ ಆಂಟಿಬಾಡಿ ಹುಡುಕುವ ಟೆಸ್ಟ್ ನಮಗೂ ಸಿಗುವಂತಾದಾಗ ಮೇಡಂ ಸ್ಟೀಲ್ ಬೀರುವಿನ ಹಳೇ ಫೈಲುಗಳನ್ನೆಲ್ಲ ನೆಲಕ್ಕೆ ಇಳಿಸಿದರು. ಎಂ.ಎಸ್. ಅಲ್ಲವೇನೋ ಅಂತ ಅನುಮಾನ ಬಂದವನ್ನು ಬೇರೆ ಇಟ್ಟರು. ಎಷ್ಟೋ ಫೈಲುಗಳಲ್ಲಿ ಫೋನ್ ನಂಬರೇ ಇರಲಿಲ್ಲ. ನನ್ನ ಅಕ್ಷರ ದುಂಡಗಿದೆ ಅಂತ ಕಾರ್ಡು ಬರೆಯುವ ಕೆಲಸ ನನಗೇ ಬಂತು. "ದಯವಿಟ್ಟು ಒಮ್ಮೆ ಬನ್ನಿ. ರಕ್ತ ಪರೀಕ್ಷೆಗೆ ದುಡ್ಡು ಬೇಡ. ಬಸ್ ಚಾರ್ಜು ನಾವೇ ಕೊಡುತ್ತೇವೆ." ಆ ದುಡ್ಡು ಮೇಡಂ ಪರ್ಸಿನಿಂದ ಹೋಗುತ್ತಿತ್ತು ಅನ್ನೋದು ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ. ಬಂದವರಲ್ಲಿ ಕೆಲವರ ಔಷಧಿಯೇ ಬದಲಾಯಿತು. ಕೋಲು ಹಿಡಿದು ಬಂದ ಒಬ್ಬರು ಇವತ್ತಿಗೂ ಅಂಗಡಿ ನಡೆಸುತ್ತಿದ್ದಾರೆ. ಸಂಶೋಧನೆ ಅಂದರೆ ಏನು ಅಂತ ನಾನು ಕಲಿತದ್ದು ಆ ನೆಲದ ಮೇಲೆ ಕೂತು.

ಹೋದ ವಾರ ಅವರ ರೂಮಿಗೆ ಹೋಗಿದ್ದೆ. ಸಾಮಾನು ಕಟ್ಟುತ್ತಿದ್ದರು. ಡ್ರಾಯರಿನಿಂದ ದಾರ ಸುತ್ತಿದ ಒಂದು ಸಣ್ಣ ಕಟ್ಟು ತೆಗೆದರು. ವಿಳಾಸದಾರರು ಸಿಗಲಿಲ್ಲ ಅಂತ ವಾಪಸ್ ಬಂದ ಕಾರ್ಡುಗಳು. ಮಾಸಿದ ಶಾಯಿಯಲ್ಲಿ ನನ್ನದೇ ಅಕ್ಷರ.

"ಈಗ ಎಲ್ಲರ ಮನೇಲೂ ಮೊಬೈಲ್ ಇರುತ್ತೆ ಅಲ್ವಾ," ಅಂದರು. "ಇನ್ನೊಂದ್ಸಲ ಹುಡುಕಿ ನೋಡ್ತೀಯಾ?"