ರನ್‌ವೇಯ ಆಚೆ ತುದಿ ನೋಡು

ರಜೆಗೆ ಬದಿಯಡ್ಕದ ಮನೆಗೆ ಬಂದಿದ್ದೇನೆ. ಪ್ಲಸ್ ಟು ಓದುವ ಪಕ್ಕದ ಮನೆ ಹುಡುಗಿ ಕೇಳಿದಳು, "ಮಾವ, ವಿಮಾನ ಹಾರಿಸಲು ಕಲಿಸುವಾಗ ಯಾವುದು ಕಷ್ಟ?"

ಇಳಿಸುವುದು. ಸೆಸ್ನಾ 172 ಎಂಬ ನಮ್ಮ ಚಿಕ್ಕ ತರಬೇತಿ ವಿಮಾನ ರನ್‌ವೇ ಹತ್ತಿರ ಬಂದಾಗ ಹೊಸಬರ ಕಣ್ಣು ಮುಂದಿನ ನೆಲಕ್ಕೇ ಅಂಟಿಕೊಳ್ಳುತ್ತದೆ. ನೆಲ ರಭಸದಿಂದ ಮೇಲೆ ಬಂದ ಹಾಗೆ ಕಾಣುತ್ತದೆ. ಹೆದರಿ ಕಂಟ್ರೋಲ್ ಜೋರಾಗಿ ಎಳೆಯುತ್ತಾರೆ. ವಿಮಾನ ಮತ್ತೆ ಮೇಲೇಳುತ್ತದೆ, ವೇಗ ಇಳಿಯುತ್ತದೆ. ಅದು ಅಪಾಯ. ಅದಕ್ಕೇ ಹೇಳುತ್ತೇನೆ: ಆಚೆ ತುದಿ ನೋಡು, ಮೆಲ್ಲ ಎಳೆ. ಸರಿಹೋಗದಿದ್ದರೆ ಪೂರ್ತಿ ಪವರ್ ಕೊಟ್ಟು ಇನ್ನೊಂದು ಸುತ್ತು ಬಾ. ನಾಚಿಕೆ ಪಡುವುದು ಏನೂ ಇಲ್ಲ.

ಬಲಗಡೆ ಸೀಟಿನಲ್ಲಿ ಕೂತ ನನ್ನ ಮುಂದೆಯೂ ಕಂಟ್ರೋಲ್ ಇರುತ್ತದೆ. ಬೇಗ ಹಿಡಿದರೆ ಅವರು ಕಲಿಯುವುದಿಲ್ಲ. ತಡವಾದರೆ ಇಬ್ಬರಿಗೂ ಕೇಡು. ಕೈ ತೊಡೆ ಮೇಲಿಟ್ಟು, ಸ್ಪೀಡ್ ನೋಡುತ್ತಾ ಕಾಯಬೇಕು. ಈ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಈ ಕಾಯುವುದೇ. ಕಲಿಯುವವರ ಕೈ ತಾನಾಗಿ ಹಗುರಾಗುವುದು ಆಗಲೇ ಗೊತ್ತಾಗುತ್ತದೆ.

ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು, ಖರ್ಚು ದೊಡ್ಡದು. ಅವಳಿಗೆ ಹೇಳಿದೆ, ಫೀಸು ಕಟ್ಟುವ ಮೊದಲೇ ಮೆಡಿಕಲ್ ಮಾಡಿಸು. ಕಣ್ಣು, ಕಿವಿ, ಹೃದಯ ಎಲ್ಲ ನೋಡುತ್ತಾರೆ. ಅಡಿಕೆ ತೋಟ ಅಡವಿಟ್ಟು ಸೇರಿದ ಮೇಲೆ ತೊಂದರೆ ಗೊತ್ತಾದರೆ ಮನೆಯವರ ಗತಿ ಏನು, ಅಲ್ವಾ? ಪರೀಕ್ಷೆ ಮಾಡುವ ಡಾಕ್ಟರುಗಳ ಪಟ್ಟಿ ವಿಮಾನಯಾನ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಡಿಜಿಸಿಎಯ ವೆಬ್‌ಸೈಟಿನಲ್ಲೇ ಇದೆ.