ಲಾಯರ್ ಮಾವನ ಚೀಲ

ತಿಪಟೂರಿನ ಲಾಯರ್ ಮಾವ ಹೈಕೋರ್ಟ್ ಕೆಲಸಕ್ಕೆ ಬೆಂಗಳೂರಿಗೆ ಬಂದರೆ ನಮ್ಮ ಮನೆಯಲ್ಲೇ ಉಳಿಯುತ್ತಾರೆ. ಚೀಲದಲ್ಲಿ ಕರಿ ಕೋಟಿನ ಜೊತೆ ಯಾರದೋ ಪಹಣಿ, ಯಾರದೋ ಪಿಂಚಣಿ ಅರ್ಜಿ, ಒಂದಷ್ಟು ಆಧಾರ್ ಜೆರಾಕ್ಸು. ಬರುವುದು ಒಂದು ಕೇಸಿಗೆ, ಮಾಡುವುದು ಅರ್ಧ ಊರಿನ ಕೆಲಸ. ಫೀಸಿನ ಬದಲು ತೆಂಗಿನಕಾಯಿ ಕೊಟ್ಟವರೂ ಇದ್ದಾರಂತೆ. ಅತ್ತೆಗೆ ಇದರ ಬಗ್ಗೆ ಸಿಟ್ಟಿದೆ. ಅವರ ಸಿಟ್ಟೂ ನ್ಯಾಯವೇ, ಮನೆ ನಡೆಸುವವರು ಅವರಲ್ವಾ.

ಈ ಸಲ ನಮ್ಮ ಮನೆಗೆಲಸದ ಅಕ್ಕ, ಜೀವನಾಂಶದ ಕೇಸ್ ಹಾಕೋಕೆ ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರು. ಮಾವ ಕಾಫಿ ಲೋಟ ಕೆಳಗಿಟ್ಟರು. "ನೋಡಮ್ಮಾ, ಹೆಂಗಸರಿಗೆ ಸರ್ಕಾರವೇ ವಕೀಲರನ್ನ ಕೊಡುತ್ತೆ. ಆದಾಯ ಎಷ್ಟಿದ್ದರೂ ಸರಿ." 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 12ನೇ ಸೆಕ್ಷನ್. ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಜೈಲಿನಲ್ಲಿರುವವರಿಗೂ ಇದು ಸಿಗುತ್ತದೆ. ಮಾರನೇ ದಿನ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಿರುವ ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಅವರನ್ನು ತಾವೇ ಕರೆದುಕೊಂಡು ಹೋದರು.

ಎರಡೂ ಕಡೆಯವರನ್ನು ರಾಜಿ ಮಾಡಿಸಿ ಕೇಸ್ ಮುಗಿಸುವ ಲೋಕ ಅದಾಲತ್ ಅಂದರೆ ಮಾವನಿಗೆ ಪ್ರಾಣ. ರಾಜಿಯಾದರೆ ಕಟ್ಟಿದ ಕೋರ್ಟ್ ಫೀಸು ವಾಪಸ್, ಆಮೇಲೆ ಅಪೀಲಿಲ್ಲ. ನನಗೆ ಅಷ್ಟು ನಂಬಿಕೆಯಿಲ್ಲ. ಅಲೆದು ಸುಸ್ತಾದವರು ಒಪ್ಪಿಕೊಂಡರೆ ಅದೂ ರಾಜಿಯೇನಾ ಅಂತ ಕೇಳಿದೆ. "ಮನಸ್ಸಿಲ್ಲದಿದ್ದರೆ ಸಹಿ ಹಾಕಬೇಡಿ ಅಂತ ಹೇಳೋಕೇ ಅಲ್ವೇನಪ್ಪ ನಾನಿರೋದು" ಅಂದರು.

ಸಿಟಿ ಸಿವಿಲ್ ಕೋರ್ಟ್ ಮುಂದೆಯೇ ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ಇದ್ಯಾವುದೂ ಗೊತ್ತಿರಲಿಲ್ಲ. ಅಂದ ಹಾಗೆ, ಉಚಿತ ಕಾನೂನು ನೆರವಿನ ಸಹಾಯವಾಣಿ 15100. ಸುಮ್ನೆ ಸೇವ್ ಮಾಡಿಟ್ಟುಕೊಳ್ಳಿ.